ಆಸ್ಪತ್ರೆಗಳಲ್ಲಿ ಚರ್ಮರೋಗ ತಜ್ಞರ ಕರೆಸೇವೆ

ಬೇರೆ ವಿಭಾಗದಲ್ಲಿ ದಾಖಲಾದ ರೋಗಿಯನ್ನು ನೋಡಲು ಹೊತ್ತಲ್ಲದ ಹೊತ್ತಿನಲ್ಲೂ ಚರ್ಮರೋಗ ತಜ್ಞರನ್ನು ಕರೆಸುವ ಏರ್ಪಾಡು. ವಾರ್ಡುಗಳ ಆಡುಮಾತಿನಲ್ಲಿ ಇದು ‘ಸ್ಕಿನ್ ಒಪಿನಿಯನ್’.

ಚರ್ಮರೋಗ ಶಾಸ್ತ್ರ ಬೆಳೆದದ್ದೇ ಒಳರೋಗಿಗಳ ಹಾಸಿಗೆಗಳ ನಡುವೆ. ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆ 1801ರಲ್ಲಿ ಚರ್ಮರೋಗಗಳಿಗೆ ಮೀಸಲಾಯಿತು. ವಿಯೆನ್ನಾದಲ್ಲಿ ಫರ್ಡಿನಾಂಡ್ ಹೆಬ್ರಾ ಕಜ್ಜಿಯ ಹುಳುಗಳನ್ನು ತನ್ನ ಮೈಮೇಲೆಯೇ ಬಿಟ್ಟುಕೊಂಡು ಪರೀಕ್ಷಿಸಿದ. 20ನೆಯ ಶತಮಾನದ ನಡುಭಾಗದಲ್ಲಿ ಪೆನಿಸಿಲಿನ್, ಸ್ಟೀರಾಯ್ಡ್‌ಗಳು ಬಂದ ಮೇಲೆ ಹಾಸಿಗೆ ಹಿಡಿಯುವವರು ಕಡಿಮೆಯಾದರು. ಅಮೆರಿಕದಲ್ಲಿ 1983ರಿಂದ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ ರೋಗಕ್ಕೆ ಇಷ್ಟೆಂದು ನಿಗದಿತ ಹಣ ಕೊಡತೊಡಗಿದಾಗ ಚರ್ಮರೋಗಿಗಳನ್ನು ವಾರಗಟ್ಟಲೆ ಇರಿಸಿಕೊಳ್ಳುವುದು ಆಸ್ಪತ್ರೆಗಳಿಗೆ ದುಬಾರಿಯಾಯಿತು. ವೈದ್ಯರು ಕ್ಲಿನಿಕ್‌ಗಳಿಗೆ ಹೊರಟರು.

ವಾರ್ಡುಗಳು ಮುಚ್ಚಿದರೂ ತುರ್ತು ಕಾಯಿಲೆಗಳು ಹಾಗೇ ಉಳಿದವು. ಔಷಧಿಯ ಪ್ರತಿಕ್ರಿಯೆಯಿಂದ ಚರ್ಮವೇ ಸುಲಿಯುವ ಸ್ಥಿತಿಯನ್ನು ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ 1922ರಲ್ಲೂ, ಇನ್ನೂ ತೀವ್ರವಾದ ರೂಪವನ್ನು ಅಲನ್ ಲೈಯೆಲ್ 1956ರಲ್ಲೂ ವರ್ಣಿಸಿದ್ದರು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಹಾಗೂ ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳು ಇದರ ಸಾಮಾನ್ಯ ಕಾರಣಗಳು. ಮೊದಲು ಜ್ವರ, ಕಣ್ಣುರಿ, ಬಾಯಿಹುಣ್ಣು. ಆಮೇಲೆ ಕಡುಬಣ್ಣದ ಮಚ್ಚೆಗಳು. ಬೆರಳಿನಿಂದ ಒತ್ತಿ ಜರುಗಿಸಿದರೆ ಮೇಲ್ಪದರ ಕಳಚಿ ಬರುತ್ತದೆ. ಅನುಮಾನ ಬಂದ ಗಳಿಗೆಯಲ್ಲೇ ಆ ಮಾತ್ರೆ ನಿಲ್ಲಬೇಕು. ಬೆಳಗಿನ ರೌಂಡ್ಸ್‌ವರೆಗೆ ಕಾಯುವಂತಿಲ್ಲ. ಶೇ. 30ಕ್ಕಿಂತ ಹೆಚ್ಚು ಚರ್ಮ ಸುಲಿದರೆ ಸುಟ್ಟಗಾಯದವರಿಗೆ ಮಾಡುವಂಥ ಆರೈಕೆಯೇ ಬೇಕು.

ಆದರೆ ಕರೆ ಬರುವುದು ಇಂಥ ಅಪರೂಪದ ಕಾಯಿಲೆಗೆ ಮಾತ್ರವಲ್ಲ. ಕಾಲು ಕೆಂಪಗೆ ಊದಿದರೆ ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಎಂದು ಬರೆದು ಆ್ಯಂಟಿಬಯಾಟಿಕ್ ಹಾಕುವುದು ರೂಢಿ. ತುರ್ತು ವಿಭಾಗದ ಮೂಲಕ ಹೀಗೆ ದಾಖಲಾದ 259 ಮಂದಿಯ ಬಗ್ಗೆ 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 79 ಮಂದಿಗೆ ಆ ಸೋಂಕೇ ಇರಲಿಲ್ಲ. ಎಷ್ಟೋ ಸಲ ಅದು ರಕ್ತನಾಳದ ದೋಷದಿಂದ ಬಂದ ಇಸುಬು. ಒಂದೇ ಸಲಕ್ಕೆ ಎರಡೂ ಕಾಲಿನಲ್ಲಿ ಸೆಲ್ಯುಲೈಟಿಸ್ ಬರುವುದು ವಿರಳವೆಂಬುದನ್ನು ತಜ್ಞರು ಬಾಗಿಲಲ್ಲೇ ಗಮನಿಸುತ್ತಾರೆ. ಇಂಥ ಕರೆಗಳಿಗಾಗಿ, ದಾಖಲಾದ ರೋಗಿಗಳನ್ನಷ್ಟೇ ನೋಡಿಕೊಳ್ಳುವ, 1996ರಲ್ಲಿ ಹೆಸರು ಪಡೆದ ‘ಹಾಸ್ಪಿಟಲಿಸ್ಟ್’ ಪದ್ಧತಿಯನ್ನು ಅಮೆರಿಕದ ಚರ್ಮವೈದ್ಯರೂ ಮುಂದೆ ತಮ್ಮದಾಗಿಸಿಕೊಂಡರು.

ಭಾರತದ ಕಥೆ ಬೇರೆ. ಇಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಾರ್ಡುಗಳು ಉಳಿದಿವೆ. ಮೈಮೇಲೆ ಗುಳ್ಳೆಗಳೇಳುವ ಪೆಂಫಿಗಸ್, ಕುಷ್ಠದ ತೀವ್ರ ಪ್ರತಿಕ್ರಿಯೆಗಳು ಅವುಗಳನ್ನು ಖಾಲಿಬಿಡುವುದಿಲ್ಲ. ಪೆಂಫಿಗಸ್‌ಗೆ ಭಾರೀ ಪ್ರಮಾಣದ ಸ್ಟೀರಾಯ್ಡನ್ನು ಕಂತುಗಳಲ್ಲಿ ಕೊಡುವ ಪಲ್ಸ್ ಚಿಕಿತ್ಸೆಯನ್ನು 1980ರ ದಶಕದಲ್ಲಿ ರೂಢಿಗೆ ತಂದವರು ದೆಹಲಿಯ ಏಮ್ಸ್‌ನ ಜೆ. ಎಸ್. ಪಸ್ರೀಚಾ. ತಜ್ಞರಿಲ್ಲದ ಊರುಗಳಲ್ಲಿ ಈಗ ಮೊಬೈಲ್ ಚಿತ್ರಗಳೇ ಕರೆ. ಆದರೆ ಕಂದು ಮೈಬಣ್ಣದಲ್ಲಿ ಕೆಂಪು ಚಿತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಚರ್ಮ ಕಳಚುತ್ತಿದೆಯೇ ಎಂಬುದನ್ನು ರೋಗಿಯ ಪಕ್ಕದಲ್ಲಿರುವವರೇ ಮುಟ್ಟಿ ನೋಡಿ ಹೇಳಬೇಕು.