ಡಿವಿಡಿ ಬರ್ನ್ ಆಗುತ್ತಿಲ್ಲವೇ? ಹೊಸ ಡ್ರೈವ್ ಕೊಳ್ಳುವ ಮುನ್ನ ಇಷ್ಟನ್ನು ಪರೀಕ್ಷಿಸಿ

ಮದುವೆಯ ವಿಡಿಯೊವನ್ನು ಊರಿನಲ್ಲಿರುವ ಅಜ್ಜ-ಅಜ್ಜಿಗೆ ಕಳಿಸಬೇಕು, ಅವರ ಮನೆಯಲ್ಲಿರುವುದು ಹಳೆಯ ಡಿವಿಡಿ ಪ್ಲೇಯರ್. ವಕೀಲರು ಸಿಸಿಟಿವಿ ದೃಶ್ಯವನ್ನು ಸಿಡಿಯಲ್ಲಿ ಹಾಕಿಕೊಡಿ ಎಂದಿದ್ದಾರೆ. ಪೆನ್‌ಡ್ರೈವ್, ಕ್ಲೌಡ್ ಬಂದ ಮೇಲೂ ಡಿಸ್ಕ್ ಬೇಕಾಗುವ ಸಂದರ್ಭಗಳು ಹೀಗೆ ಉಳಿದಿವೆ. ತುರ್ತಾಗಿ ಬೇಕಾದ ದಿನವೇ ಬರ್ನಿಂಗ್ ಅರ್ಧಕ್ಕೆ ನಿಂತು, ಎರರ್ ಸಂದೇಶ ಬಂದು, ಟ್ರೇ ಹೊರಗೆ ಬರುತ್ತದೆ. ಡ್ರೈವ್ ಕೆಟ್ಟಿತೆಂದು ಕೂಡಲೇ ಹೊಸದನ್ನು ಆರ್ಡರ್ ಮಾಡಬೇಡಿ. ದೋಷ ಡಿಸ್ಕ್‌ನಲ್ಲಿ, ಕೇಬಲ್‌ನಲ್ಲಿ ಅಥವಾ ನೀವು ಆರಿಸಿದ ಸೆಟ್ಟಿಂಗ್‌ನಲ್ಲೂ ಇರಬಹುದು.

ಪರೀಕ್ಷೆಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಡಿಸ್ಕ್, ವೇಗ, ಸಾಫ್ಟ್‌ವೇರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರಲ್ಲಿತ್ತು ಎಂಬುದು ಗೊತ್ತಾಗುವುದಿಲ್ಲ.

ಯಾವ ಹಂತದಲ್ಲಿ ನಿಂತಿತು?

* ಶುರುವಿನಲ್ಲೇ: ಬರೆಯುವ ಮುನ್ನ ಡ್ರೈವ್ ಡಿಸ್ಕಿನ ಒಳ ಅಂಚಿನಲ್ಲಿ ಲೇಸರ್‌ನ ಶಕ್ತಿಯನ್ನು ಪರೀಕ್ಷಿಸಿಕೊಳ್ಳುತ್ತದೆ. 'ಪವರ್ ಕ್ಯಾಲಿಬ್ರೇಶನ್ ಎರರ್' ಬಂದರೆ ಆ ಡಿಸ್ಕ್ ಡ್ರೈವ್‌ಗೆ ಹೊಂದುತ್ತಿಲ್ಲ, ಲೆನ್ಸ್ ಮೇಲೆ ಧೂಳಿದೆ ಅಥವಾ ಲೇಸರ್ ದುರ್ಬಲವಾಗಿದೆ ಎಂದರ್ಥ.
* ಕೊನೆಯಲ್ಲಿ: ಬರವಣಿಗೆ ಒಳಗಿನಿಂದ ಹೊರ ಅಂಚಿನತ್ತ ಸಾಗುತ್ತದೆ. ಸಾಮಾನ್ಯ ಡಿವಿಡಿ ಕೊನೆಯ ಹಂತದಲ್ಲಿ ವಿಫಲವಾದರೆ ಅಂಚಿನ ಬೆರಳಚ್ಚು, ಗೀರು ಅಥವಾ ಕಳಪೆ ಡಿಸ್ಕ್ ಕಾರಣವಿರಬಹುದು.
* ವೆರಿಫೈ ಮಾಡುವಾಗ: ಬರೆದದ್ದನ್ನು ಡ್ರೈವ್ ಮತ್ತೆ ಓದಲಾಗುತ್ತಿಲ್ಲ. ಬೇರೆ ಡಿಸ್ಕ್, ಬೇರೆ ವೇಗದಲ್ಲಿ ಪ್ರಯತ್ನಿಸಿ.

ಮೊದಲು ಡಿಸ್ಕ್ ಬದಲಿಸಿ

ಒಮ್ಮೆ ಬರೆಯುವ ಸಿಡಿ, ಡಿವಿಡಿಗಳಲ್ಲಿ ಸಾಮಾನ್ಯವಾಗಿ ಬಣ್ಣದ ಒಂದು ತೆಳು ಪದರವಿರುತ್ತದೆ. ಲೇಸರ್ ಅದನ್ನು ಬಿಸಿ ಮಾಡಿ ಗುರುತು ಮೂಡಿಸುತ್ತದೆ. ಅಗ್ಗದ ಡಿಸ್ಕ್‌ಗಳಲ್ಲಿ ಈ ಪದರ ಒಂದೇ ಸಮನಾಗಿ ಇರದಿರಬಹುದು. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಇಟ್ಟ ಖಾಲಿ ಡಿಸ್ಕ್‌ಗಳೂ ಕೈಕೊಡಬಹುದು. ಅದೇ ಪ್ಯಾಕ್‌ನ ಇನ್ನೊಂದನ್ನಲ್ಲ, ಬೇರೆ ಕಂಪನಿಯದನ್ನು ಹಾಕಿ ನೋಡಿ. ಒರೆಸುವುದಿದ್ದರೆ ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ.

ಗಾತ್ರವನ್ನೂ ಗಮನಿಸಿ. 4.7 ಜಿಬಿ ಎಂದು ಬರೆದಿರುವ ಡಿವಿಡಿಯಲ್ಲಿ ವಿಂಡೋಸ್ ಲೆಕ್ಕದ ಪ್ರಕಾರ ಸುಮಾರು 4.37 ಜಿಬಿ ಮಾತ್ರ ಹಿಡಿಸುತ್ತದೆ. 4.5 ಜಿಬಿ ಫೋಲ್ಡರ್ ಅದರಲ್ಲಿ ಹಿಡಿಸುವುದಿಲ್ಲ.

ವೇಗ ಇಳಿಸಿ

16ಎಕ್ಸ್ ಡಿವಿಡಿಯನ್ನು 8ಎಕ್ಸ್ ವೇಗದಲ್ಲಿ ಬರೆದು ನೋಡಿ. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. 8ಎಕ್ಸ್‌ನಲ್ಲಿ ತುಂಬಿದ ಡಿವಿಡಿಗೆ ಹತ್ತು ನಿಮಿಷದ ಆಸುಪಾಸು ಸಾಕು. ಹಾಗೆಂದು ತೀರಾ ಕಡಿಮೆ ವೇಗವೇ ಒಳ್ಳೆಯದು ಎಂದೇನಿಲ್ಲ, ಮಧ್ಯಮ ವೇಗ ಸುರಕ್ಷಿತ.

ಕಂಪ್ಯೂಟರ್, ಕೇಬಲ್ ಕಡೆ ನೋಡಿ

ಫೈಲ್‌ಗಳನ್ನು ಪೆನ್‌ಡ್ರೈವ್ ಅಥವಾ ನೆಟ್‌ವರ್ಕ್‌ನಿಂದ ನೇರವಾಗಿ ಬರ್ನ್ ಮಾಡದೆ ಮೊದಲು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಸ್ಲೀಪ್ ಮೋಡ್ ನಿಲ್ಲಿಸಿ. ಹೊರಗಿನಿಂದ ಜೋಡಿಸುವ ತೆಳು ಡ್ರೈವ್‌ಗಳು ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುತ್ತವೆ. ಬರೆಯುವಾಗ ಅವಕ್ಕೆ ಹೆಚ್ಚು ವಿದ್ಯುತ್ ಬೇಕು. ಹಬ್ ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸಿ. ಎರಡು ಪಿನ್‌ಗಳ ಕೇಬಲ್ ಬಂದಿದ್ದರೆ ಎರಡನ್ನೂ ಜೋಡಿಸಿ. ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ಕಿತ್ತು, ಸಾಟಾ ಕೇಬಲ್ ತೆಗೆದು ಮತ್ತೆ ಬಿಗಿಯಾಗಿ ಹಾಕಿ.

ಬರ್ನ್ ಆಗಿದೆ, ಪ್ಲೇ ಆಗುತ್ತಿಲ್ಲ!

ಇದು ಡ್ರೈವ್‌ನ ತಪ್ಪಾಗಿರದಿರಬಹುದು. ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ: ಪೆನ್‌ಡ್ರೈವ್‌ನಂತೆ ಬಳಸುವುದು ಮತ್ತು ಸಿಡಿ/ಡಿವಿಡಿ ಪ್ಲೇಯರ್‌ಗಾಗಿ ಬರೆಯುವುದು. ಬೇರೆಯವರಿಗೆ ಕೊಡುವ ಡಿಸ್ಕ್‌ಗೆ ಎರಡನೆಯದನ್ನೇ ಆರಿಸಿ. ಇನ್ನೊಂದು ವಿಷಯ, ಎಂಪಿ4 ಫೈಲನ್ನು ಡಿವಿಡಿಗೆ ಕಾಪಿ ಮಾಡಿದ ಮಾತ್ರಕ್ಕೆ ಹಳೆಯ ಪ್ಲೇಯರ್ ಅದನ್ನು ತೋರಿಸುವುದಿಲ್ಲ. ಅದನ್ನು ಡಿವಿಡಿ ವಿಡಿಯೊ ರೂಪಕ್ಕೆ ಬದಲಿಸಬೇಕು. ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ.

ಡ್ರೈವ್ ಬದಲಿಸುವುದು ಯಾವಾಗ?

ಬ್ಲೋವರ್‌ನಿಂದ ಧೂಳು ತೆಗೆದು ನೋಡಿ. ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ. ಅದರ ನಂತರವೂ ಈ ಲಕ್ಷಣಗಳಿದ್ದರೆ ಡ್ರೈವ್‌ನ ಆಯಸ್ಸು ಮುಗಿದಿರುವ ಸಾಧ್ಯತೆ ಹೆಚ್ಚು:

* ಎರಡು-ಮೂರು ಕಂಪನಿಗಳ ಡಿಸ್ಕ್, ಎರಡು ವೇಗ, ಎರಡು ಸಾಫ್ಟ್‌ವೇರ್‌ಗಳಲ್ಲೂ ವಿಫಲವಾಗುವುದು.
* ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೂ ಅದೇ ದೋಷ.
* ಸಿಡಿ ಬರ್ನ್ ಆಗುತ್ತದೆ, ಯಾವ ಡಿವಿಡಿಯೂ ಆಗುವುದಿಲ್ಲ. ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೇಕು. ಎರಡರಲ್ಲಿ ಒಂದು ಮಾತ್ರ ದುರ್ಬಲವಾಗುವುದುಂಟು.
* ಅಂಗಡಿಯಿಂದ ತಂದ ಸಿನಿಮಾ ಡಿವಿಡಿಗಳನ್ನೂ ಓದಲು ಪರದಾಡುವುದು.

ಲೇಸರ್ ಭಾಗದ ರಿಪೇರಿಗೆ ಖರ್ಚು ಮಾಡುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಡೆಸ್ಕ್‌ಟಾಪ್‌ನಲ್ಲಿ ಜಾಗವಿದ್ದರೆ ಒಳಗೆ ಕೂರಿಸುವ ಸಾಟಾ ಡ್ರೈವ್, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡ್ರೈವ್ ಕೊಳ್ಳಿ. ಬಾಕ್ಸ್ ಮೇಲೆ 'ರೈಟರ್' ಎಂದಿದೆಯೇ ನೋಡಿ, 'ಡಿವಿಡಿ ರಾಮ್' ಎಂದಿದ್ದರೆ ಅದು ಓದಲು ಮಾತ್ರ. ಬ್ಲೂ-ರೇ ರೈಟರ್‌ಗೆ ಹಣ ಹಾಕುವ ಮುನ್ನ ಯೋಚಿಸಿ. ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ವರ್ಷಕ್ಕೆ ಒಂದೆರಡು ಡಿಸ್ಕ್ ಮಾತ್ರ ಬೇಕಿದ್ದರೆ ಸ್ಟುಡಿಯೊದಲ್ಲಿ ಬರೆಸಿಕೊಳ್ಳುವುದೇ ಅಗ್ಗ. ವೈದ್ಯಕೀಯ ವರದಿ, ಕೋರ್ಟ್ ದಾಖಲೆಗಳನ್ನು ಮಾತ್ರ ಹೊರಗೆ ಕೊಡಬೇಡಿ.

ಇದನ್ನು ಮರೆಯಬೇಡಿ

ಬರ್ನ್ ಮಾಡುವಾಗ 'ವೆರಿಫೈ' ಆಯ್ಕೆ ಒತ್ತಿ. ಬೇರೊಂದು ಯಂತ್ರದಲ್ಲಿ ಡಿಸ್ಕ್ ತೆರೆದು ನೋಡಿ. ತೆರೆದುಕೊಂಡರೂ ಮೂಲ ಫೈಲ್ ಅಳಿಸಬೇಡಿ, ಹಾರ್ಡ್‌ಡಿಸ್ಕ್‌ನಲ್ಲೂ ಒಂದು ಪ್ರತಿ ಇರಲಿ. ಸಿಡಿ ಮೇಲೆ ಬಾಲ್‌ಪೆನ್‌ನಿಂದ ಹೆಸರು ಬರೆಯಬೇಡಿ, ಅದರ ಪ್ರತಿಫಲನ ಪದರ ಲೇಬಲ್‌ನ ಕೆಳಗೇ ಇರುತ್ತದೆ. ಮೃದು ತುದಿಯ ಮಾರ್ಕರ್ ಬಳಸಿ.

ಡ್ರೈವ್ ಕೈಕೊಡುವ ಸೂಚನೆ ಕಂಡರೆ ಇನ್ನೂ ಒಂದು ಕೆಲಸವಿದೆ. ಬರೆಯಲಾಗದ ಡ್ರೈವ್ ಕೆಲಕಾಲ ಓದುತ್ತಿರಬಹುದು. ಬೀರುವಿನಲ್ಲಿರುವ ಮಗುವಿನ ನಾಮಕರಣ, ಅಪ್ಪ-ಅಮ್ಮನ ಷಷ್ಟ್ಯಬ್ದಿಯ ಹಳೆಯ ಡಿಸ್ಕ್‌ಗಳನ್ನು ಅಷ್ಟರೊಳಗೆ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಳ್ಳಿ. ಡ್ರೈವ್ ಅಂಗಡಿಯಲ್ಲಿ ಸಿಗುತ್ತದೆ, ಆ ವಿಡಿಯೊ ಸಿಗುವುದಿಲ್ಲ.