ಗೇಮ್ ಕನ್ಸೋಲಿನ ಬೀಗ

ಐಫೋನಿನಲ್ಲಿ ಬೇರೆಯವರ ಆಪ್ ಅಂಗಡಿಗೂ ಜಾಗ ಇರಬೇಕು ಅಂತ ಯುರೋಪಿಯನ್ ಒಕ್ಕೂಟ ಕಾನೂನು ಮಾಡಿತು. 2024ರಲ್ಲಿ ಆಪಲ್ ಒಲ್ಲದ ಮನಸ್ಸಿಂದ ಬಾಗಿಲು ತೆರೆಯಿತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊಗಳಿಗೆ ಆ ಬಿಸಿ ತಟ್ಟಲಿಲ್ಲ. ಯಾಕೆ ಅಂತ ಕೇಳಿದರೆ ಗೇಮಿಂಗ್ ಗೆಳೆಯರು ತಕ್ಷಣ 1983ರ ಕಥೆ ತೆಗೀತಾರೆ: ಯಾರು ಬೇಕಾದರೂ ಗೇಮ್ ಮಾರಿ ಅಂತ ಬಿಟ್ಟಿದ್ದಕ್ಕೇ ಅಟಾರಿ ಮುಳುಗಿತು, ನಿಂಟೆಂಡೊ ಬಂದು ಬೀಗ ಜಡಿದು ಉದ್ಯಮ ಉಳಿಸಿತು. ನನ್ನ ಪ್ರಕಾರ ಇದರಲ್ಲಿ ಅರ್ಧ ಮಾತ್ರ ನಿಜ.

ಅಟಾರಿಯವರೇನೂ ಖುಷಿಯಿಂದ ಬಿಟ್ಟಿರಲಿಲ್ಲ. ಗೇಮಿನ ಮೇಲೆ ನಮ್ಮ ಹೆಸರೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ ಅಂತ ಬೇಸತ್ತ ಅಲ್ಲಿನ ನಾಲ್ವರು ಪ್ರೋಗ್ರಾಮರ್‌ಗಳು ಹೊರಬಂದು, 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಅಟಾರಿ ಕೋರ್ಟಿಗೆ ಹೋಯಿತು. ಕೊನೆಗೆ 1982ರಲ್ಲಿ ರಾಯಲ್ಟಿ ಲೆಕ್ಕದಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಎಲ್ಲರೂ ನುಗ್ಗಿದ್ದರು, ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ! ಕಳಪೆ ಮಾಲು ರಾಶಿ ಬಿದ್ದಿದ್ದು ನಿಜ. ಆದರೆ ಆ ಪತನ ಅಂದರೆ ಎಲ್ಲರಿಗೂ ನೆನಪಾಗೋ 'ಇ.ಟಿ.' ಗೇಮ್ ಯಾರದ್ದು? ಅಟಾರಿಯದ್ದೇ. ಕ್ರಿಸ್‌ಮಸ್ ಮಾರಾಟಕ್ಕೆ ಅಂತ ಒಬ್ಬನೇ ಪ್ರೋಗ್ರಾಮರ್ ಕೈಲಿ ಐದಾರು ವಾರದಲ್ಲಿ ಮಾಡಿಸಿದ್ದು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗಾರ್ಡೊದಲ್ಲಿ ಕಸದ ಗುಂಡಿಗೆ ಹಾಕಿ ಹೂತರು. 2014ರಲ್ಲಿ ಅಗೆದಾಗ ಸಿಕ್ಕವು. ಬಾಗಿಲಿಗೆ ಎಂಥ ಬೀಗ ಹಾಕಿದ್ದರೂ ಆ ಗೇಮನ್ನು ತಡೆಯೋಕೆ ಆಗ್ತಿರಲಿಲ್ಲ, ಅದು ಮನೆಯೊಳಗೇ ಹುಟ್ಟಿದ್ದು.

1985ರಲ್ಲಿ ಅಮೆರಿಕಕ್ಕೆ ತನ್ನ ಕನ್ಸೋಲ್ ತಂದ ನಿಂಟೆಂಡೊ, ಅದರಲ್ಲೊಂದು ಕಾರ್ಟ್ರಿಜ್‌ನಲ್ಲೊಂದು ಚಿಪ್ ಇಟ್ಟಿತು. ಎರಡೂ ಒಂದನ್ನೊಂದು ಗುರುತಿಸದಿದ್ದರೆ ಯಂತ್ರ ಮತ್ತೆ ಮತ್ತೆ ರೀಸೆಟ್. ಕೀಲಿ ಬೇಕಾದ ಕಂಪನಿಗೆ ಷರತ್ತು: ವರ್ಷಕ್ಕೆ ಐದೇ ಗೇಮ್, ಎರಡು ವರ್ಷ ಅದನ್ನು ಬೇರೆ ಕನ್ಸೋಲಿಗೆ ಕೊಡೋ ಹಾಗಿಲ್ಲ. ಐದರ ಮಿತಿ ದಾಟೋಕೆ ಕೊನಾಮಿ 'ಅಲ್ಟ್ರಾ' ಅಂತ ಇನ್ನೊಂದು ಕಂಪನಿಯನ್ನೇ ಹುಟ್ಟುಹಾಕಿತು. ಐದರ ಮಿತಿ ಗುಣಮಟ್ಟಕ್ಕೆ ಅಂತಲೇ ಇಟ್ಟುಕೊಳ್ಳೋಣ. ಎರಡು ವರ್ಷದ ಕಟ್ಟಿಗೂ ಗುಣಮಟ್ಟಕ್ಕೂ ಏನು ಸಂಬಂಧ, ನೀವೇ ಹೇಳಿ. (ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲಿ ಈ ಚಿಪ್ ಇರಲೇ ಇಲ್ಲ, ಆದರೂ ಅಲ್ಲಿ ಅದು ಭರ್ಜರಿಯಾಗಿ ಓಡಿತು. ತೊಂಬತ್ತರ ದಶಕದಲ್ಲಿ ನಾವು ಟಿವಿಗೆ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡಿದ್ದು ಅದರ ನಕಲುಗಳಲ್ಲೇ. ಯಾವ ಕ್ಯಾಸೆಟ್ ಹಾಕಿದರೂ ನಡೀತಿತ್ತು, ಒಮ್ಮೆ ಉಫ್ ಅಂತ ಊದಿದರೆ!)

ಆಕ್ಟಿವಿಷನ್ನಿನ ಆ ನಾಲ್ವರಲ್ಲಿ ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ 1984ರಲ್ಲಿ ಅಕೊಲೇಡ್ ಶುರು ಮಾಡಿದ್ದರು. ಸೆಗಾ ಕಂಪನಿಯ ಲೈಸೆನ್ಸ್ ಇಲ್ಲದೆ ಅದರ ಕನ್ಸೋಲಿಗೆ ಗೇಮ್ ಮಾಡಲು, ಅಕೊಲೇಡ್ ಸೆಗಾ ಕಾರ್ಟ್ರಿಜ್‌ಗಳನ್ನು ಕೊಂಡು ತಂದು ಕೋಡ್ ಬಿಚ್ಚಿ ಓದಿತು. ಹೊಂದಿಕೆಯಾಗುವ ಗೇಮ್ ಮಾಡೋಕೆ ಬೇರೆ ದಾರಿ ಇಲ್ಲದಾಗ ಹಾಗೆ ಓದೋದು ತಪ್ಪಲ್ಲ ಅಂತ 1992ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಅದೇ ವರ್ಷ ನಿಂಟೆಂಡೊ ಬೀಗ ಮುರಿದ ಅಟಾರಿ ಗೇಮ್ಸ್ ಸೋತಿತು. ಅವರು ಸುಳ್ಳು ಹೇಳಿ ಕಾಪಿರೈಟ್ ಕಚೇರಿಯಿಂದಲೇ ಕೋಡ್ ಪಡೆದಿದ್ದರು.

ಕನ್ಸೋಲನ್ನು ನಷ್ಟಕ್ಕೆ ಮಾರಿ ಗೇಮುಗಳ ಕಮಿಷನ್ನಿನಲ್ಲಿ ವಸೂಲಿ ಮಾಡ್ತೀವಿ ಅನ್ನೋದು ಇವತ್ತಿನ ಸಮರ್ಥನೆ. 2021ರಲ್ಲಿ ಎಪಿಕ್-ಆಪಲ್ ಮೊಕದ್ದಮೆಯಲ್ಲಿ, ಎಕ್ಸ್‌ಬಾಕ್ಸ್ ಯಂತ್ರದಿಂದ ಲಾಭವೇ ಬಂದಿಲ್ಲ ಅಂತ ಮೈಕ್ರೋಸಾಫ್ಟ್ ಅಧಿಕಾರಿಯೇ ಸಾಕ್ಷಿ ನುಡಿದರು. ಇದು ಪ್ರಾಮಾಣಿಕ ವಾದ, 1983ರ ಗುಮ್ಮನಿಗಿಂತ ಎಷ್ಟೋ ವಾಸಿ. ಆದರೆ ಡಿಸ್ಕ್ ಇದ್ದಾಗ ನಾಲ್ಕು ಅಂಗಡಿ ಸುತ್ತಬಹುದಿತ್ತು, ಆಡಿ ಮುಗಿಸಿದ್ದನ್ನು ಸೆಕೆಂಡ್ ಹ್ಯಾಂಡ್ ಮಾರಬಹುದಿತ್ತು. 2020ರಲ್ಲಿ ಬಂದ ಪಿಎಸ್5 ಡಿಜಿಟಲ್, ಸೀರೀಸ್ ಎಸ್‌ಗಳಲ್ಲಿ ಡಿಸ್ಕ್ ಹಾಕೋ ಜಾಗವೇ ಇರಲಿಲ್ಲ. ಅಂಥ ಯಂತ್ರಕ್ಕಾದರೂ ಎರಡನೇ ಅಂಗಡಿ ಬೇಕು. ಅದಕ್ಕೆ ಕನ್ಸೋಲಿನ ಬೆಲೆ ನಾಲ್ಕೈದು ಸಾವಿರ ಏರಿದರೂ ಕೊಡೋಕೆ ನಾನು ತಯಾರು.