ಸೊನ್ನಲಿಗೆಯ ಅರವತ್ತೆಂಟು ಲಿಂಗಗಳ ಹಾದಿ

ಭೀಮೆಯೂ ಅದನ್ನು ಕೂಡಿಕೊಳ್ಳುವ ಸೀನಾ, ಬೋರಿ ನದಿಗಳೂ ನೀರುಣಿಸುವ ಸೊಲ್ಲಾಪುರ ಸೀಮೆಯಲ್ಲಿ ಊರು ನೋಡುವ ರೂಢಿ ರೈಲು, ಮೋಟಾರುಗಳ ಜೊತೆ ಬಂದದ್ದಲ್ಲ. ಎಲ್ಲಿಂದ ಹೊರಡಬೇಕು, ಯಾವ ಕ್ರಮದಲ್ಲಿ ಸಾಗಬೇಕು, ಎಲ್ಲಿ ನಿಂತು ಏನನ್ನು ಅರ್ಪಿಸಬೇಕು ಎಂಬುದನ್ನೆಲ್ಲ ಗೊತ್ತುಮಾಡಿಕೊಂಡ ಒಂದು ಸುತ್ತು ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮಕರ ಸಂಕ್ರಾಂತಿಯ ಹಿಂದಿನ ದಿನ ನಂದಿಧ್ವಜಗಳನ್ನು ಹೊತ್ತವರು ಊರೊಳಗೂ ಊರಂಚಿನಲ್ಲೂ ಇರುವ 68 ಲಿಂಗಗಳಿಗೆ ಎಣ್ಣೆ ಎರೆಯುತ್ತ ಸಾಗುವ ಆ ಸುತ್ತಿನಲ್ಲಿ ಕೆರೆ, ಕೋಟೆ, ಕಟ್ಟೆ, ಪೇಟೆಗಳೆಲ್ಲ ಒಂದೇ ದಾರಿಯ ನಿಲುಗಡೆಗಳಾಗುತ್ತವೆ. ಹನ್ನೂರವೂ ಸೇರಿದಂತೆ ಅಕ್ಕಲಕೋಟ ತಾಲೂಕಿನ ಕನ್ನಡ ಹಳ್ಳಿಗಳಿಗೆ ಸೊಲ್ಲಾಪುರವು ಹತ್ತಿರದ ದೊಡ್ಡ ಪೇಟೆಯೂ ಹೌದು, ಸಿದ್ಧರಾಮನ ಕ್ಷೇತ್ರವೂ ಹೌದು. ಈ ಎರಡನೆಯ ಕಾರಣವನ್ನು ಬಿಟ್ಟು ಊರಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನಷ್ಟೇ ಮಾಡಿದರೆ ಅವುಗಳನ್ನು ಒಂದಕ್ಕೊಂದು ಕಟ್ಟಿದ ಎಳೆ ಕಾಣುವುದಿಲ್ಲ.

ಕನ್ನಡದ ಹಳೆಯ ಸಾಹಿತ್ಯದಲ್ಲಿ ಈ ಊರಿನ ಹೆಸರು ಸೊನ್ನಲಿಗೆ. 12ನೆಯ ಶತಮಾನದಲ್ಲಿ ಇಲ್ಲಿ ಮುದ್ದುಗೌಡ ಮತ್ತು ಸುಗ್ಗಲೆಯರ ಮಗನಾಗಿ ಹುಟ್ಟಿದ ಸಿದ್ಧರಾಮನ ಚರಿತೆಯನ್ನು ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ದನ ಕಾಯುತ್ತಿದ್ದ ಹುಡುಗನ ಬಳಿಗೆ ಜಂಗಮನ ವೇಷದಲ್ಲಿ ಬಂದ ಮಲ್ಲಯ್ಯನು ಕಣ್ಮರೆಯಾಗಲು, ಅವನನ್ನು ಹುಡುಕುತ್ತ ಹುಡುಗನು ಶ್ರೀಶೈಲದವರೆಗೆ ಹೋಗಿ, ಅಲ್ಲಿ ಮಲ್ಲಿಕಾರ್ಜುನನ ಅಪ್ಪಣೆ ಪಡೆದು, ಮರಳಿ ಬಂದು ತನ್ನ ಊರನ್ನೇ ಕ್ಷೇತ್ರವನ್ನಾಗಿ ಕಟ್ಟಿದನೆಂಬುದು ಆ ಕಥನದ ಬೆನ್ನೆಲುಬು. ಸೊನ್ನಲಿಗೆಗೆ ಅಭಿನವ ಶ್ರೀಶೈಲವೆಂಬ ಹೆಸರು ಬಂದುದು ಈ ಕಾರಣದಿಂದ. ಅವನು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದನು, ಕೆರೆಯನ್ನು ತೋಡಿಸಿದನು. ಊರಿನ ಸುತ್ತ 68 ಲಿಂಗಗಳನ್ನೂ ಅಷ್ಟವಿನಾಯಕರನ್ನೂ ಅಷ್ಟಭೈರವರನ್ನೂ ನೆಲೆಗೊಳಿಸಿದನೆಂದು ಪರಂಪರೆ ಹೇಳುತ್ತದೆ.

ಅರವತ್ತೆಂಟೆಂಬ ಸಂಖ್ಯೆ ಇಲ್ಲಿ ಆಕಸ್ಮಿಕವಲ್ಲ. ಶಿವನ ಮುಖ್ಯ ನೆಲೆಗಳು ದೇಶದಲ್ಲಿ ಅರವತ್ತೆಂಟು ಇವೆಯೆಂದು ಎಣಿಸುವ ‘ಅಷ್ಟಷಷ್ಟಿ ತೀರ್ಥ’ ಎಂಬ ಹಳೆಯ ಪರಿಕಲ್ಪನೆಯೊಂದು ಶೈವ ಸಾಹಿತ್ಯದಲ್ಲಿದೆ. ಕಾಶಿ, ಕೇದಾರ ಮೊದಲಾದ ದೂರದ ನೆಲೆಗಳನ್ನು ಸೇರಿಸಿದ ಆ ಎಣಿಕೆಯನ್ನು ಒಂದೇ ಊರಿನ ಆವರಣಕ್ಕೆ ತಂದಾಗ, ಹೊಲ ಬಿಟ್ಟು ತಿಂಗಳುಗಟ್ಟಲೆ ನಡೆಯಲಾಗದ ಒಕ್ಕಲಿಗನಿಗೂ ಕುಂಬಾರನಿಗೂ ಮೈಮುರಿದು ದುಡಿಯುವ ಕೂಲಿಯವನಿಗೂ ಆ ಯಾತ್ರೆ ಒಂದು ದಿನದ ನಡಿಗೆಯೊಳಗೆ ದಕ್ಕಿತು. ತೀರ್ಥವನ್ನು ಊರ ಬಾಗಿಲಿಗೆ ತಂದ ಈ ಏರ್ಪಾಡು ಸಿದ್ಧರಾಮನ ಕೆರೆಯಷ್ಟೇ ದೊಡ್ಡ ಲೋಕೋಪಕಾರದ ಕೆಲಸವೆಂದು ಹೇಳಬೇಕಾಗುತ್ತದೆ. ತಾನು 68 ಸಾವಿರ ವಚನಗಳನ್ನು ಹಾಡಿದುದಾಗಿ ಅವನ ಹೆಸರಿನ ಒಂದು ವಚನ ಹೇಳುತ್ತದೆ. ಅದನ್ನು ಲೆಕ್ಕವೆಂದು ಹಿಡಿಯದೆ, ಈ ಸಂಖ್ಯೆಗೆ ಆ ಪರಂಪರೆಯಲ್ಲಿದ್ದ ಗೌರವದ ಗುರುತೆಂದು ಹಿಡಿಯುವುದು ಹೆಚ್ಚು ಸರಿ.

ಆದರೆ ಕಲ್ಲಿನಲ್ಲಿ, ಮಣ್ಣಿನಲ್ಲಿ ಕಟ್ಟಿದ ಈ ನೆಲೆಗಳ ಬೆಲೆಯೇನು ಎಂಬ ಪ್ರಶ್ನೆ ಸಿದ್ಧರಾಮನ ಜೀವನದ ನಡುವೆಯೇ ಎದ್ದಿತು. 15ನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ‘ಶೂನ್ಯಸಂಪಾದನೆ’ಯು ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗವನ್ನು ಬಹಳ ಬಿಗಿಯಾಗಿ ಚಿತ್ರಿಸುತ್ತದೆ. ಕೆರೆ ಅಗೆಯುತ್ತಿದ್ದವರ ನಡುವೆ ಬಂದು ನಿಂತ ಅಲ್ಲಮನು ಸಿದ್ಧರಾಮನನ್ನು ಮಣ್ಣು ಕೆಲಸದ ವಡ್ಡನೆಂದು ಕರೆದನು. ಕೆರಳಿದ ಕೆಲಸಗಾರರು ಅವನ ಮೇಲೆ ಕಲ್ಲೆಸೆದರು. ಅನಂತರ ನಡೆದ ಮಾತುಕತೆಯಲ್ಲಿ ಗುಡಿ, ಕೆರೆಗಳ ಪುಣ್ಯವನ್ನು ನಂಬಿ ನಿಂತವನಿಗೆ ತನ್ನೊಳಗಿನ ಲಿಂಗವನ್ನು ಅರಿಯುವ ದಾರಿ ಬೇರೆಯೇ ಎಂದು ಅಲ್ಲಮನು ತೋರಿಸಿದನು; ಅವನೊಡನೆ ಕಲ್ಯಾಣಕ್ಕೆ ಹೋದ ಸಿದ್ಧರಾಮನು ಚನ್ನಬಸವಣ್ಣನಿಂದ ದೀಕ್ಷೆ ಪಡೆದನು. ಶರಣರ ಪರಿಭಾಷೆಯಲ್ಲಿ ಒಂದೆಡೆ ನೆಟ್ಟು ನಿಂತದ್ದು ಸ್ಥಾವರ, ಚಲಿಸುವ ಅರಿವು ಜಂಗಮ. ಸ್ಥಾವರವನ್ನು ಕಟ್ಟಿದವನೇ ಜಂಗಮದ ಪಾಠ ಕೇಳಿದ ಊರು ಸೊನ್ನಲಿಗೆಯಾದುದರಿಂದ, ಇಲ್ಲಿನ ನೆಲೆಗಳು ವರ್ಷಕ್ಕೊಮ್ಮೆಯಾದರೂ ನಡೆದುಹೋಗಿ ಮುಟ್ಟಬೇಕಾದವುಗಳಾಗಿ ಉಳಿದುದರಲ್ಲಿ ಒಂದು ಔಚಿತ್ಯವಿದೆ. ಇದು ವ್ಯಾಖ್ಯಾನವೇ ಹೊರತು ದಾಖಲೆಯ ಮಾತಲ್ಲವಾದರೂ, ಸಂಕ್ರಾಂತಿಯ ಜಾತ್ರೆಯ ವಿಧಿಗಳನ್ನು ಗಮನಿಸಿದವರಿಗೆ ಅದು ದೂರದ ಕಲ್ಪನೆಯೆನಿಸದು.

ಸೊಲ್ಲಾಪುರದವರು ಗಡ್ಡಾ ಯಾತ್ರೆಯೆಂದು ಕರೆಯುವ ಈ ಜಾತ್ರೆಯ ಮುಖ್ಯ ವಿಧಿಗಳು ಜನವರಿ 13ರ ಸುಮಾರಿಗೆ ಆರಂಭವಾಗಿ ಐದು ದಿನ ನಡೆಯುತ್ತವೆ. ಅದರ ಹಿಂದಿನ ಐತಿಹ್ಯ ಒಬ್ಬ ಕುಂಬಾರ ಕನ್ಯೆಯದು. ಸಿದ್ಧರಾಮನ ಅಂಗಳಕ್ಕೆ ನಿತ್ಯ ರಂಗೋಲಿ ಹಾಕುತ್ತಿದ್ದ ಅವಳು ಅವನನ್ನೇ ವರಿಸಬೇಕೆಂದು ಹಂಬಲಿಸಿದಳು. ಯೋಗಿಯಾದ ತಾನು ಮದುವೆಯಾಗಲಾರೆನೆಂದ ಸಿದ್ಧರಾಮನು ತನ್ನ ಯೋಗದಂಡದೊಡನೆ ಅವಳ ವಿವಾಹಕ್ಕೆ ಒಪ್ಪಿದನು. ಬಿಳಿಯ ಬಾರಾಬಂದಿ ತೊಟ್ಟವರು ಸಮತೋಲ ತಪ್ಪದಂತೆ ಎತ್ತಿ ನಡೆಸುವ ಏಳು ಎತ್ತರದ ಬಿದಿರ ನಂದಿಧ್ವಜಗಳು ಆ ಯೋಗದಂಡದ ಪ್ರತೀಕಗಳು. ಹಿರೇಹಬ್ಬು ಮನೆತನದವರ ವಾಡೆಯಿಂದ ಮೆರವಣಿಗೆ ಹೊರಡುತ್ತದೆ, ಮುಂದಾಳತ್ವವೂ ಪರಂಪರೆಯಿಂದ ಅವರದೇ. ಆದರೆ ಏಳು ಧ್ವಜಗಳ ಗೌರವ ಒಂದೇ ಮನೆತನಕ್ಕಾಗಲಿ ಒಂದೇ ಜಾತಿಗಾಗಲಿ ಮೀಸಲಲ್ಲ. ಮಾತಂಗ ಸಮಾಜವೂ ಸೇರಿದಂತೆ ಹಲವು ಸಮುದಾಯಗಳು ಅದರಲ್ಲಿ ಪಾಲುದಾರರು.

ಮೊದಲ ದಿನದ ಸುತ್ತಿಗೆ ಎಣ್ಣೆಮಜ್ಜನವೆಂದು ಹೆಸರು. ಎರಡನೆಯ ದಿನ ಕೆರೆಯ ದಂಡೆಯ ಸಮ್ಮತಿ ಕಟ್ಟೆಯ ಬಳಿ, ಬಾಸಿಂಗ ಕಟ್ಟಿದ ನಂದಿಧ್ವಜಗಳ ಮುಂದೆ ವಿವಾಹದ ಒಪ್ಪಿಗೆಯ ಮಾತುಗಳಾದ ‘ಸಮ್ಮತಿ’ಯನ್ನು ಕನ್ನಡದಲ್ಲಿ ಓದಲಾಗುತ್ತದೆ, ನೆರೆದ ಅಪಾರ ಜನ ಅಕ್ಷತೆ ಎರಚುತ್ತಾರೆ. ಮೂರನೆಯ ದಿನ ಹೋಮ ಮೈದಾನದಲ್ಲಿ ನಡೆಯುವ ಹೋಮಪ್ರದೀಪನವು ಕುಂಬಾರ ಕನ್ಯೆಯು ಅಗ್ನಿಗೆ ದೇಹವನ್ನೊಪ್ಪಿಸಿದುದರ ನೆನಪು. ನಾಲ್ಕನೆಯ ದಿನ ಮದ್ದು ಸುಡುವ ಸಂಭ್ರಮ; ಐದನೆಯ ದಿನ ಧ್ವಜಗಳಿಗೆ ಉಡಿಸಿದ ಬಟ್ಟೆಗಳನ್ನು ತೆಗೆಯುವ ಕಪ್ಪಡಕಳಿ. ಈ ಹೆಸರುಗಳು ಮರಾಠಿ ಪತ್ರಿಕೆಗಳಲ್ಲಿಯೂ ಅನುವಾದಗೊಳ್ಳದೆ ಹೀಗೆಯೇ ಅಚ್ಚಾಗುತ್ತವೆ. ಮನೆಯಲ್ಲಿ ಮರಾಠಿ, ತೆಲುಗು, ಉರ್ದು ಆಡುವವರೂ ಇರುವ ನಗರದಲ್ಲಿ ಸಾವಿರಾರು ಜನ ಕನ್ನಡದ ಸಮ್ಮತಿಯನ್ನು ತಮ್ಮದೆಂದೇ ಕೇಳಿ ಅಕ್ಷತೆ ಹಾಕುವುದು ಈ ಸೀಮೆಯ ಚರಿತ್ರೆಯಲ್ಲಿ ಬಹು ದೊಡ್ಡ ಸಂಗತಿ.

ಸಿದ್ಧರಾಮನು ತೋಡಿಸಿದ ಸಿದ್ಧೇಶ್ವರ ಕೆರೆಯ ನಡುವೆ ಗುಡಿ, ಗುಡಿಯ ಆವರಣದಲ್ಲಿ ಸಿದ್ಧರಾಮನ ಸಮಾಧಿ, ಕೆರೆಗೆ ಒತ್ತಿಕೊಂಡೇ ಭುಯಿಕೋಟ ಅಂದರೆ ನೆಲದ ಮೇಲಿನ ಕೋಟೆ ಇವೆ. ಬೆಟ್ಟದ ಆಸರೆಯಿಲ್ಲದ ಇಂಥ ಕೋಟೆಗೆ ಕಂದಕವೂ ಇಮ್ಮಡಿ ಗೋಡೆಯೂ ರಕ್ಷಣೆ. ಇಲ್ಲಿ ಒಂದು ಮಗ್ಗುಲಿಗೆ ಕೆರೆಯ ನೀರೇ ಆ ಕೆಲಸ ಮಾಡಿತು. ಬಹಮನಿಗಳ ಕಾಲದ್ದೆಂದು ಗುರುತಿಸಲಾಗುವ ಈ ಕೋಟೆ ಮುಂದೆ ಬಿಜಾಪುರ ಮತ್ತು ಅಹಮದನಗರಗಳ ನಡುವಣ ದೀರ್ಘ ಜಗಳದ ವಸ್ತುವಾಯಿತು. 1524ರ ಸುಮಾರಿಗೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸಹೋದರಿಯನ್ನು ಅಹಮದನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟಾಗ ಬಳುವಳಿಯಾಗಿ ಹೇಳಿದ ಸೊಲ್ಲಾಪುರವನ್ನು ಬಿಟ್ಟುಕೊಡದೆ ಹೋದುದೇ ಯುದ್ಧಗಳಿಗೆ ಕಾರಣವಾಯಿತು; 1565ರ ರಕ್ಕಸಗಿ ತಂಗಡಗಿ ಕದನಕ್ಕೆ ಮುಂಚಿನ ಮೈತ್ರಿಯಲ್ಲಿ ಅಹಮದನಗರದ ಚಾಂದ್ ಬೀಬಿಯು ಆಲಿ ಆದಿಲ್ ಶಾಹನ ಕೈಹಿಡಿದಾಗ ಅದೇ ಕೋಟೆ ಅವಳ ಬಳುವಳಿಯಾಗಿ ಬಿಜಾಪುರಕ್ಕೆ ಮರಳಿತು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋ ಪೇಶ್ವೆಯ ಪಡೆಯಿಂದ ಅದನ್ನು ಗೆದ್ದುಕೊಂಡನು. ಕೋಟೆಯೊಳಗೆ ಹಳೆಯ ದೇವಾಲಯವೊಂದರ ಕಂಬಗಳೂ ಅವಶೇಷಗಳೂ ಇವೆ. ಕೆರೆ ಕಟ್ಟಿದ ಕಾಲವನ್ನೂ ಕೋಟೆ ಕಟ್ಟಿದ ಕಾಲವನ್ನೂ ಬೇರ್ಪಡಿಸಿ ನೋಡಲಾಗದ ಹಾಗೆ ಅವು ಇಲ್ಲಿ ಒಂದರ ಮೇಲೊಂದು ಕೂತಿವೆ.

1860ರಲ್ಲಿ ಮುಂಬಯಿಯ ಕಡೆಯಿಂದ ರೈಲು ಬಂದಿತು, 1871ರ ಹೊತ್ತಿಗೆ ಹಳಿ ರಾಯಚೂರನ್ನು ಮುಟ್ಟಿತು. ಅಕ್ಕಲಕೋಟ ರೋಡ್, ದುಧನಿ ನಿಲ್ದಾಣಗಳು ಆ ದಾರಿಯವೇ. 1877ರಲ್ಲಿ ಜುನಿ ಗಿರಣಿಯೆಂದು ಹೆಸರಾದ ನೂಲುವ, ನೇಯುವ ಕಾರ್ಖಾನೆ ಆರಂಭವಾದ ಮೇಲೆ ಊರು ದುಡಿಮೆಗಾರರಿಂದ ತುಂಬಿತು. ಲಿಂಗಾಯತ ವರ್ತಕ ಮಲ್ಲಪ್ಪ ವಾರದ ಕಟ್ಟಿಸಿದ ಇಂದ್ರಭವನವು ಮುಂದೆ ನಗರಸಭೆಯ ಮನೆಯಾಯಿತು. ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದೂ ಇದೇ ಊರಿನಲ್ಲಿ. ಅವರ ಸ್ಮಾರಕ ಇಲ್ಲಿದೆ. ಇವೆಲ್ಲಕ್ಕಿಂತ ಊರಿನ ಮನಸ್ಸಿನಲ್ಲಿ ಆಳವಾಗಿ ನಿಂತದ್ದು ನಾಲ್ವರು ಹುತಾತ್ಮರ ಚೌಕ. 1930ರ ಮೇ ತಿಂಗಳ ಸ್ವಾತಂತ್ರ್ಯ ಚಳವಳಿಯನ್ನು ಅಡಗಿಸಲು ಬ್ರಿಟಿಷರು ಸೈನಿಕ ಕಾಯಿದೆಯನ್ನು ಹೇರಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಇವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅದು ಎಣ್ಣೆಮಜ್ಜನದ ಮುನ್ನಾದಿನ. ಊರಿನ ಅತ್ಯಂತ ದೊಡ್ಡ ಸಂಭ್ರಮದ ಹೊಸ್ತಿಲಿಗೇ ಆ ಸಾವುಗಳ ದಿನವೂ ಬಂದು ಸೇರಿಕೊಂಡಿದೆ.

ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೋದರೆ ಸೀನಾ ನದಿಯು ಭೀಮೆಯನ್ನು ಕೂಡುವಲ್ಲಿ ಹತ್ತರಸಂಗ ಕೂಡಲವಿದೆ. ಕೃಷ್ಣೆ, ಮಲಪ್ರಭೆಗಳು ಸೇರುವ ಬಸವಣ್ಣನ ಕೂಡಲಸಂಗಮ ಬೇರೆ. ಎರಡು ಹೊಳೆ ಕೂಡುವ ಜಾಗಕ್ಕೆ ಕನ್ನಡ ನಾಡು ಸಹಜವಾಗಿ ಇಟ್ಟ ಹೆಸರನ್ನೇ ಈ ಊರೂ ಹೊತ್ತಿದೆ. ಇಲ್ಲಿ ಸಂಗಮೇಶ್ವರ, ಹರಿಹರೇಶ್ವರ ಎಂಬ ಎರಡು ಹಳೆಯ ಗುಡಿಗಳಿವೆ. ಸಂಗಮೇಶ್ವರದ ತೊಲೆಯ ಮೇಲಿರುವ ಶಕ ವರ್ಷ 940ರ, ಅಂದರೆ ಕ್ರಿ.ಶ. 1018ರ ಬರಹವು ಮರಾಠಿಯ ಅತಿ ಪ್ರಾಚೀನ ಶಾಸನಗಳ ಸಾಲಿನಲ್ಲಿ ನಿಲ್ಲುತ್ತದೆ. ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿದವರು ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರ ಅವರು. ಹರಿಹರೇಶ್ವರದ ಮಣ್ಣು ತೆಗೆದಾಗ ದೊರೆತ, 359 ಚಿಕ್ಕ ಮುಖಗಳನ್ನು ಕಡೆದ ಲಿಂಗವನ್ನು ನೋಡಲೆಂದೇ ಇಂದು ಜನ ದೂರದಿಂದ ಬರುತ್ತಾರೆ. ಹೆಸರಿನಲ್ಲಿ ಕನ್ನಡ, ಶಾಸನದಲ್ಲಿ ಮರಾಠಿ, ಶಿಲ್ಪದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕೈಚಳಕ ಕೂಡಿರುವ ಈ ಸ್ಥಳವನ್ನು ಒಂದೇ ಭಾಷೆಯವರ ಸೊತ್ತೆಂದು ವಾದಿಸುವುದಕ್ಕೆ ಆಧಾರವಿಲ್ಲ.

ಆದರೂ ಭಾಷೆಯ ಗೆರೆಗಳು ಈ ಸೀಮೆಯ ಮೇಲೆ ಬಿದ್ದವು. ಫತ್ತೇಸಿಂಹ ಭೋಸಲೆಯ ಮನೆತನದ ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1856ರಿಂದ 1878ರವರೆಗೆ ಅಲ್ಲಿ ನೆಲೆಸಿದ್ದ ಸ್ವಾಮಿ ಸಮರ್ಥರ ಆಲದ ಮರದ ಸನ್ನಿಧಿಯು ಇಂದು ಮಹಾರಾಷ್ಟ್ರದ ದೊಡ್ಡ ಯಾತ್ರಾಸ್ಥಳಗಳಲ್ಲೊಂದು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿಯೇ ನಡೆದಿದ್ದರೂ, 1956ರ ವಿಂಗಡಣೆಯಲ್ಲಿ ಜಿಲ್ಲೆ ಮುಂಬಯಿಯಲ್ಲೇ ಉಳಿಯಿತು. 1967ರ ಮಹಾಜನ ಆಯೋಗದ ವರದಿಯು ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳನ್ನು ಮೈಸೂರಿಗೆ ಸೇರಿಸಬೇಕೆಂದಿತಾದರೂ ಅದು ಜಾರಿಗೆ ಬರಲಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ, ಸಿದ್ಧರಾಮನ ಬದುಕನ್ನು ಕನ್ನಡದಲ್ಲಿ ಮಹಾಕಾವ್ಯವಾಗಿ ಬರೆದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಮಹಿಳೆಯಾದರು. ಆ ಕಾವ್ಯ ಹುಟ್ಟಿದ ಊರಿನ 68 ಲಿಂಗಗಳು ಈಗ ಮನೆ, ಅಂಗಡಿ, ರಸ್ತೆಗಳ ನಡುವೆ ಹರಡಿವೆ. ಕೂಡಲದ ಶಾಸನಕ್ಕೆ ದೊರೆತಂಥ ಎಚ್ಚರದ ಅಧ್ಯಯನ ಇವುಗಳಿಗೂ ದೊರೆಯಬೇಕು: ಪ್ರತಿಯೊಂದು ಲಿಂಗದ ನೆಲೆ, ಅದರ ಕಲ್ಲಿನ ಕಾಲ, ಎಣ್ಣೆಮಜ್ಜನದಲ್ಲಿ ಅದರ ಸರದಿ, ಅದನ್ನು ನೋಡಿಕೊಳ್ಳುವವರ ಬಾಯಲ್ಲಿರುವ ಕಥೆ ಎಲ್ಲವೂ ಬರಹಕ್ಕಿಳಿಯಬೇಕು. ಆ ಕೆಲಸಕ್ಕೆ ಕನ್ನಡ, ಮರಾಠಿ ಎರಡನ್ನೂ ಮನೆಮಾತಿನಂತೆ ಬಲ್ಲವರು ಬೇಕು. ಹನ್ನೂರ, ಮೈಂದರ್ಗಿ, ದುಧನಿಗಳ ಕಡೆ ಅಂಥವರು ಇನ್ನೂ ಇದ್ದಾರೆ.